ಸನಿರಾಜಕ್‌ನಿಂದ ಇಗ್ಲೂಲಿಕ್‌ಗೆ

ಇಗ್ಲೂಲಿಕ್

ಉಜರಾಕ್ ಅಣ್ಣನಿಗೆ,

ನಿನ್ನ ಕ್ಷೇಮ ವಿಚಾರಿಸಲು ಬರೆಯುತ್ತಿಲ್ಲ. ಅಮ್ಮ ತೀರಿಕೊಂಡಾಗ, “ವಿಮಾನ ಬರ್ಲಿಲ್ಲ ಕಣೇ, ರೆಕ್ಕೆ ಕಟ್ಕೊಂಡು ಬರ್ಲಾ?” ಅಂದೆ. ನೀನಿರುವ ಸನಿರಾಜಕ್‌ನಿಂದ ಇಲ್ಲಿಗೆ ವಿಮಾನದಲ್ಲಿ ಬರೀ ಎಪ್ಪತ್ತು ಕಿಲೋಮೀಟರ್. ವಾಲ್ರಸ್ ಬೇಟೆಗಾದರೆ ಹಿಮದ ಬಂಡಿಯಲ್ಲೇ ಅದಕ್ಕಿಂತ ದೂರ ಹೋಗುತ್ತೀಯ.

ನನಗೆ ಮಗಳು ಹುಟ್ಟಿ ಎಂಟು ತಿಂಗಳಾಯಿತು. ಅಮ್ಮನ ಹೆಸರಿಟ್ಟೆ. ನಮ್ಮಲ್ಲಿ ಯಾರ ಹೆಸರಿಟ್ಟರೆ ಅವರೇ ಮರಳಿ ಬಂದಂತೆ, ಮರೆತಿಲ್ಲ ತಾನೆ? ಊರವರು ಇವಳನ್ನು ಎತ್ತಿಕೊಂಡು, “ಏನಜ್ಜಿ, ನಿನ್ ಮಗ ಈಗ್ಲಾದ್ರೂ ಬಂದ್ನಾ?” ಅಂತ ಕೇಳುತ್ತಾರೆ.

ಅಮ್ಮ ಚರ್ಮ ಹೆರೆಯುತ್ತಿದ್ದ ಕತ್ತಿ ನಿನ್ನ ಹೆಂಡತಿಯ ಹತ್ತಿರವಿದೆ. ಅದು ಇವಳದು. ಮುಂದಿನ ವಿಮಾನದಲ್ಲಿ ಕಳಿಸು. ನೀನು ಬರಬೇಡ. ಬಂದೇ ಬರುತ್ತೇನೆಂದರೆ ಬೆರಳು ಜೋಪಾನ, ಅಮ್ಮನಿಗೆ ಹಲ್ಲು ಬಂದಿದೆ.

ನಿನ್ನ ಅಮ್ಮನಿಗೆ ಈಗ ಅಮ್ಮನಾದ
ಅರ್ನಾಕ್