ಸೋದರತ್ತೆಗೆ ಸಾಕು ಅನ್ನುವುದು

ಮಂಗಳವಾರ, ಮಾರ್ಚ್ 4. ಬೆಳಿಗ್ಗೆ 6:40

ಅಪ್ಪ ಇವತ್ತೂ ಗರಾಜಿನಲ್ಲಿ ನಿಂತು ತಿಂಡಿ ತಿಂದ. ಒಳಗೆ ಬಂದಾಗ ಮೀಸೆಯಲ್ಲಿ ಬ್ರೆಡ್ಡಿನ ಚೂರು. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು.

ಊಟದ ಬದಲು ಕುಡಿಯುವ ಶೇಕ್ ಶುರುವಾಗಿ ಆರನೆಯ ದಿನ. ದಿನಕ್ಕೆ ಮೂರು ಪೊಟ್ಟಣ, ಸಂಜೆ ಒಂದು ಬಟ್ಟಲು ತರಕಾರಿ. ಇದು ಸಣ್ಣಗಾಗಲಿಕ್ಕಲ್ಲ, ಲಿವರ್ ಸಣ್ಣದಾಗಲಿಕ್ಕೆ. ಅದು ಊದಿಕೊಂಡು ಹೊಟ್ಟೆಯ ಮೇಲೆ ಬಿದ್ದುಕೊಂಡಿರುತ್ತದಂತೆ. ಸರಿಸದೆ ಹೊಟ್ಟೆ ಸಣ್ಣ ಮಾಡುವ ಆಪರೇಷನ್ ಆಗುವುದಿಲ್ಲ. ಮೊದಲ ಮೂರು ದಿನ ತಲೆನೋವು, ಸಿಡುಕು. ಈಗಿಲ್ಲ. ಹಸಿವಿಗೂ ಕೂಗಿ ಕೂಗಿ ಗಂಟಲು ಕಟ್ಟಿದೆ.

ಅಮ್ಮ ಚರ್ಚಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದಾಳೆ — ಮಗಳಿಗೆ ಪಿತ್ತಕೋಶದಲ್ಲಿ ಕಲ್ಲು, ಮುಂದಿನ ವಾರ ತೆಗೀತಾರೆ. ಆಕ್ಲೆಂಡಿನ ಈ ಮಾಂಗೆರೆಯಲ್ಲಿ ಅರ್ಧ ಜನಕ್ಕೆ ಪಿತ್ತಕೋಶ ಇಲ್ಲ. ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ.

"ಸುಳ್ಳು ಯಾಕಮ್ಮ?"

"ನಿಜ ನಿಮ್ಮತ್ತೆಗೆ ನೀನು ಹೇಳ್ತೀಯಾ? ಹೋಗು, ಹೇಳು. ನಾನು ಹಿಂದಿನ ಬಾಗಿಲು ತೆಗೆದಿಟ್ಕೊಂಡು ನಿಂತಿರ್ತೀನಿ."

ಹೋಗಲಿಲ್ಲ. ಲೋಸಲೀನಿ ಅತ್ತೆ ಒಳಗೆ ಬಂದರೆ ಅಪ್ಪ ಕುರ್ಚಿ ಬಿಟ್ಟು ಚಾಪೆಗೆ ಇಳಿಯುತ್ತಾನೆ, ತಮ್ಮ ಅಲ್ಲವೇ. ನನಗೆ ಕಲೋಲೈನೆ ಅಂತ ಹೆಸರಿಟ್ಟವರೂ ಅವರೇ. ಮದುವೆಯಿರಲಿ, ಸಾವಿರಲಿ, ಅಪ್ಪನ ಅಕ್ಕ ಕೂತದ್ದೇ ಮೇಲಿನ ಜಾಗ. ಟೋಂಗದಲ್ಲಿ ಹೇಗೋ ಆಕ್ಲೆಂಡಿನಲ್ಲೂ ಹಾಗೆ. ಅವರು ಕೈಯೆತ್ತಿ ಕೊಟ್ಟದ್ದನ್ನು ತಮ್ಮನ ಮಕ್ಕಳು ಬೇಡ ಅಂದದ್ದು ನಮ್ಮ ಮನೆತನದಲ್ಲಿ ಯಾರೂ ಕಂಡಿಲ್ಲ. ಮತ್ತೆ ಅವರು ಕೊಡುವುದು ಯಾವಾಗಲೂ ತಿನ್ನುವುದನ್ನೇ.

ಕಾರಣ ಇಲ್ಲೊಂದು ಸಲ ಬರೆದಿಡುತ್ತೇನೆ, ಹೆದರಿಕೆಯಾದಾಗ ಓದಲು. ವಯಸ್ಸು ಇಪ್ಪತ್ತೈದು. ತೂಕ ನೂರಾ ಮೂವತ್ತೆಂಟು ಕಿಲೋ. ಸಕ್ಕರೆ ಕಾಯಿಲೆ ಬಂದು ಮೂರು ವರ್ಷ. ಹೋದ ಚಳಿಗಾಲ ಕಣ್ಣಿನ ಫೋಟೋ ತೆಗೆದರು: ಎಡಗಣ್ಣಿನ ಹಿಂದೆ ಎರಡು ಕೆಂಪು ಚುಕ್ಕೆ. ಸಾಹಿತ್ಯ ಓದಿ ಲೈಬ್ರರಿಯಲ್ಲಿ ಕೂತಿರುವವಳು ನಾನು. ಹೊಟ್ಟೆ ಬೇಕಾದರೆ ಕೊಡುತ್ತೇನೆ. ಕಣ್ಣು ಕೊಡುವುದಿಲ್ಲ.

ಗುರುವಾರ, ಮಾರ್ಚ್ 13. ಆಸ್ಪತ್ರೆ

ನಿನ್ನೆ ಆಯಿತು. ಒಂದೂಕಾಲು ಗಂಟೆ. ಐದು ಸಣ್ಣ ತೂತು, ಐದು ಪಟ್ಟಿ. ಹೊಟ್ಟೆಯ ನೂರಕ್ಕೆ ಎಂಬತ್ತು ಭಾಗ ಹೋಯಿತು. ಉಳಿದದ್ದು ಬಾಳೆಹಣ್ಣಿನ ಆಕಾರದ ಒಂದು ನಳಿಕೆ.

ನೋವು ಹೊಟ್ಟೆಯಲ್ಲಿ ಅಂದುಕೊಂಡು ಬಂದಿದ್ದೆ. ಇಲ್ಲ — ಭುಜದಲ್ಲಿ! ಒಳಗೆ ತುಂಬಿದ ಗ್ಯಾಸು ಅಲ್ಲಿ ಹೋಗಿ ಕೂರುತ್ತದಂತೆ. ನಡೆದರೆ ಇಳಿಯುತ್ತದೆ. ನಿನ್ನೆ ಸಂಜೆಯೇ ಎಬ್ಬಿಸಿ ನಡೆಸಿದರು. ಬಿಗಿ ಕಾಲುಚೀಲ, ಹಿಂದೆ ಕಟ್ಟುವ ಗೌನು, ಒಂದು ಕೈಯಲ್ಲಿ ಡ್ರಿಪ್ಪಿನ ಕಂಬ. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಕಾರಿಡಾರಿನಲ್ಲಿ ಎಲ್ಲರದೂ ಇದೇ ಮೆರವಣಿಗೆ.

ನರ್ಸ್ ಜಿಲ್ ಔಷಧಿ ಅಳೆಯುವ ಪುಟ್ಟ ಕಪ್ಪಿನಲ್ಲಿ ನೀರು ತಂದಳು. "ಮೂವತ್ತು ಎಂ.ಎಲ್. ಹದಿನೈದು ನಿಮಿಷದಲ್ಲಿ ಮುಗಿಸು."

"ಇಷ್ಟಕ್ಕಾ ಹದಿನೈದು ನಿಮಿಷ?"

"ಆತುರ ಇದ್ರೆ ಇಪ್ಪತ್ತು ತಗೋ."

ಆತುರ ಮಾಡಿದೆ. ಎದೆಯ ನಡುವೆ ಕಲ್ಲು ಸಿಕ್ಕಿಕೊಂಡ ಹಾಗೆ ಆಯಿತು. ಅರ್ಥವಾಯಿತು. ಇನ್ನು ಎರಡು ವಾರ ತೆಳು ನೀರಿನಂಥದ್ದು ಮಾತ್ರ. ಆಮೇಲೆ ಮೂರು ವಾರ ರುಬ್ಬಿದ್ದು. ಆಮೇಲೆ ಮೆತ್ತಗಿನದು. ಊಟದ ಜೊತೆ ನೀರಿಲ್ಲ. ವಿಟಮಿನ್ ಮಾತ್ರೆ ಸಾಯುವ ತನಕ.

ಅಪ್ಪ ಬಂದ. ಕಣ್ಣು ಮುಚ್ಚಿ ಉದ್ದಕ್ಕೆ ಪ್ರಾರ್ಥನೆ ಮಾಡಿದ. ಆಮೇಲೆ, "ನೋವಿದೆಯಾ?"

"ಭುಜ."

ಗಾಬರಿಯಾದ. "ಭುಜಕ್ಕೂ ಮಾಡಿದ್ರಾ?"

ನಕ್ಕೆ. ನಗಬಾರದಿತ್ತು. ಐದೂ ತೂತು ಒಟ್ಟಿಗೆ ನಕ್ಕವು.

ಭಾನುವಾರ, ಮಾರ್ಚ್ 16. ಮಧ್ಯಾಹ್ನ

ಮನೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ ನಾನೇ ಚುಚ್ಚಿಕೊಂಡೆ. ಅಮ್ಮ ಬಾಗಿಲಾಚೆ ನಿಂತು "ಆಯ್ತಾ? ಆಯ್ತಾ?" ಅಂದಳು. ಅವಳಿಗೇ ಚುಚ್ಚಿದ ಹಾಗೆ.

ಪಕ್ಕದ ಮೂರೂ ಮನೆಗಳಲ್ಲಿ ಚರ್ಚ್ ಮುಗಿಸಿ ಬಂದವರ ಊಟದ ವಾಸನೆ. ಕೆಸುವಿನೆಲೆ, ತೆಂಗಿನಹಾಲು, ಮಾಂಸ. ಹಸಿವು ಒಂದಿಷ್ಟೂ ಇಲ್ಲ. ಆದರೆ ಬಾಯಿಗೆ ದುಃಖವಾಗಿದೆ. ಇವೆರಡೂ ಬೇರೆ ಬೇರೆ ಅಂತ ಇಪ್ಪತ್ತೈದು ವರ್ಷಕ್ಕೆ ತಿಳಿಯಿತು.

ಶನಿವಾರ, ಮಾರ್ಚ್ 22

ನಿನ್ನೆಯದು ಬರೆಯಬೇಕು.

ಮಧ್ಯಾಹ್ನ ಅತ್ತೆ ಬಂದರು. ಕೈಯಲ್ಲಿ ಎರಡು ಲೀಟರಿನ ಐಸ್‌ಕ್ರೀಂ ಡಬ್ಬಿ, ಅದರ ತುಂಬ ಒತಾಯಿ — ಕಲ್ಲಂಗಡಿ, ತೆಂಗಿನತುರಿ, ಸಕ್ಕರೆ ಕಲಸಿದ ಪಾನಕ. ಪಿತ್ತಕೋಶದವಳಿಗೆ ಗಟ್ಟಿ ಊಟ ಬೇಡ ಅಂತ ಅವರೇ ಯೋಚನೆ ಮಾಡಿ ತಂದದ್ದು.

ಅಮ್ಮ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಜಿಲ್‌ ಬರೆದುಕೊಟ್ಟ ಊಟದ ಚೀಟಿ ನೋಡಿದಳು. ನನ್ನ ಕಿವಿಯಲ್ಲಿ, "ಕುಡಿಯೋದು ಅಂತ ತಾನೇ ಬರೆದಿರೋದು? ಇದು ಕುಡಿಯೋದೇ ಅಲ್ವಾ?"

ನಮ್ಮಲ್ಲಿ ಯಾರನ್ನು ಬೇಕಾದರೂ ಕೇಳಿ. ಒತಾಯಿ ಕುಡಿಯುವುದೇ. ನನಗೂ ಹಾಗೇ ಅನ್ನಿಸಿತು.

ಅತ್ತೆ ಮಗ್ಗಿಗೆ ಬಗ್ಗಿಸಿ ಕೈಗೆ ಕೊಟ್ಟರು. ಕೊಟ್ಟು ಅಲ್ಲೇ ನಿಂತರು. ಅವರು ನಿಂತಿರುವಾಗ ಮಗ್ಗು ಕೆಳಗಿಡುವುದು ಹೇಗೆ. ನಾಲ್ಕು ಗುಟುಕು. ಐದು. ತೆಂಗಿನತುರಿ ಒಳಗೆ ಇಳಿಯುವುದು ಗೊತ್ತಾಗುತ್ತಿತ್ತು. ಆಮೇಲೆ ಇಳಿಯಲಿಲ್ಲ. ಎದೆಗೆ ಯಾರೋ ಮೊಣಕೈ ಒತ್ತಿದ ಹಾಗೆ. ವಾಂತಿ. ಮತ್ತೆ ವಾಂತಿ, ಬರೀ ನೊರೆ. ಬೆವರು. ಅತ್ತೆಯೇ ನನ್ನನ್ನು ಎತ್ತಿ ನಮ್ಮ ಕಾರಿಗೆ ಹಾಕಿದರು, ಅಮ್ಮ ಆಸ್ಪತ್ರೆಗೆ ಓಡಿಸಿದಳು. ದಾರಿಯುದ್ದಕ್ಕೂ ಅತ್ತೆ ದೇವರನ್ನೂ ಮುಂದಿನ ಕಾರುಗಳನ್ನೂ ಒಂದೇ ದನಿಯಲ್ಲಿ ಕರೆಯುತ್ತಿದ್ದರು.

ಎಮರ್ಜೆನ್ಸಿಯ ಹುಡುಗ ಡಾಕ್ಟರು ಕೇಳಿದ. "ಇತ್ತೀಚೆಗೆ ಆಪರೇಷನ್ ಏನಾದ್ರೂ?"

ಅಮ್ಮ ಅತ್ತೆಯ ಮುಖ ನೋಡಿದಳು. "ಪಿತ್ತಕೋಶ," ಅಂದಳು.

ಅವನು ಬರೆದುಕೊಳ್ಳತೊಡಗಿದ.

ಹೊಲಿಗೆ ಬಿಟ್ಟಿದ್ದರೆ? ಅವನು ತಪ್ಪು ಜಾಗ ಹುಡುಕುತ್ತ ಕೂತರೆ? ಬದುಕಿನಲ್ಲಿ ಅಷ್ಟು ಗಟ್ಟಿಯಾಗಿ ನಾನು ಮಾತಾಡಿದ್ದೇ ಇಲ್ಲ. "ಅಲ್ಲ. ಹೊಟ್ಟೆ. ಹೊಟ್ಟೆ ಸಣ್ಣ ಮಾಡೋ ಆಪರೇಷನ್. ಒಂಬತ್ತು ದಿನ ಆಯ್ತು."

ಸ್ಕ್ಯಾನ್ ಆಯಿತು. ಹೊಲಿಗೆ ಗಟ್ಟಿಯಾಗಿದೆ, ಎಲ್ಲೂ ಸೋರಿಲ್ಲ. ಡ್ರಿಪ್ ಹಾಕಿ ಸಂಜೆ ಕಳಿಸಿದರು. ತುರಿ, ಚೂರು, ತಿರುಳು ಇದ್ದರೆ ಅದು ಪಾನಕವಲ್ಲ, ಊಟ — ಜಿಲ್ ಫೋನಿನಲ್ಲಿ ನಿಧಾನವಾಗಿ ಮೂರು ಸಲ ಹೇಳಿದಳು. ಅಮ್ಮ ಮೂರು ಸಲ ಬರೆದುಕೊಂಡಳು.

ಅತ್ತೆ ಆಗಲೇ ಹೋಗಿಬಿಟ್ಟಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ, ಏಪ್ರಿಲ್ 13

ಮೂರು ಭಾನುವಾರ ಅತ್ತೆ ನಮ್ಮನೆಗೆ ಬಂದಿಲ್ಲ. ಅಪ್ಪ ಅವರ ಕುರ್ಚಿಯಲ್ಲಿ ಕೂರುವುದಿಲ್ಲ, ಬೇರೆಯವರನ್ನು ಕೂರಲು ಬಿಡುವುದೂ ಇಲ್ಲ.

"ಹೋಗಿ ಕಾಲಿಗೆ ಬೀಳಲಾ ಅಪ್ಪ?"

"ಏನಂತ ಬೀಳ್ತೀಯಾ? ಹೊಟ್ಟೆ ವಾಪಸ್ ಹಾಕಿಸ್ಕೋತೀನಿ ಅಂತಲಾ?" ಆಮೇಲೆ, "ತಪ್ಪು ಮಾಡಿದ್ದು ಆಪರೇಷನ್ ಅಲ್ಲ, ಮಗ. ಮುಚ್ಚಿಟ್ಟಿದ್ದು. ಅದು ನಾವು ಮೂರೂ ಜನ ಮಾಡಿದ್ದು."

ಅಮ್ಮ ಕೆಸುವಿನೆಲೆಯ ಲೂ ಬೇಯಿಸಿ ಮಿಕ್ಸಿಗೆ ಹಾಕಿದಳು. "ಲೂ ರುಬ್ಬಿದ ಮೊದಲನೇ ಟೋಂಗದ ಹೆಂಗಸು ನಾನೇ ಇರ್ಬೇಕು. ನಮ್ಮಮ್ಮ ಇದ್ದಿದ್ರೆ ಪೊಲೀಸಿಗೆ ಹಿಡಿದುಕೊಡ್ತಿದ್ಲು." ನೋಡಲು ಕೆಸರು. ಮೂರು ಚಮಚ ತಿಂದೆ. ಕಣ್ಣಲ್ಲಿ ನೀರು ಬಂತು, ರುಚಿಗೆ.

ತೂಕ ಎರಡು ವಾರದಿಂದ ಒಂದೇ ಕಡೆ ನಿಂತಿದೆ. ಎಲ್ಲರಿಗೂ ಹೀಗೇ ಅಂತೆ. ತಕ್ಕಡಿಯನ್ನು ಮಂಚದ ಕೆಳಗೆ ತಳ್ಳಿದೆ. ಸಕ್ಕರೆ ಮಾತ್ರೆ ಅರ್ಧಕ್ಕೆ ಇಳಿಸಿದ್ದಾರೆ. ಅದು ನನಗೆ ಸಾಕು.

ಭಾನುವಾರ, ಮೇ 4. ಸಂಜೆ

ಅತ್ತೆ ಹೇಳಿಕಳಿಸಿದರು: "ಅಧ್ಯಾಯ ಓದೋಕೆ ಬರಲಿ." ನಾಲ್ಕು ವರ್ಷದಿಂದ ಅವರಿಗೆ ಬೈಬಲ್ ಓದಿಹೇಳುವವಳು ನಾನು. ಅವರ ಕಣ್ಣು ಸಕ್ಕರೆಯಿಂದ ಮಂಜಾಗಿದೆ. ಲೇಸರ್ ಮಾಡಿಸಿ ಒಂದನ್ನು ಉಳಿಸಿಕೊಂಡಿದ್ದಾರೆ.

ಓದಿದೆ. ಮುಗಿಸಿದೆ. ಪುಸ್ತಕ ಮುಚ್ಚಲು ಬಿಡಲಿಲ್ಲ.

"ನಾನು ಕೊಟ್ಟಿದ್ದೆಲ್ಲ ನಿನಗೆ ವಿಷ ಆಗಿತ್ತಾ?"

"ಇಲ್ಲ ಅತ್ತೆ."

"ಮತ್ತೆ? ಪುಸ್ತಕ ಓದಿ ಓದಿ ನಮ್ಮ ಮೈ ಕಂಡ್ರೆ ಅಸಹ್ಯ ಬಂತಾ?"

ಅದು ನಿಜವಾಗಿಯೂ ಅವರ ಪ್ರಶ್ನೆ. ಸುಮ್ಮನೆ ಚುಚ್ಚಿದ್ದಲ್ಲ. ಫೋನು ತೆಗೆದು ಕಣ್ಣಿನ ಫೋಟೋ ತೋರಿಸಿದೆ. ಅವರಿಗೆ ಚುಕ್ಕೆ ಕಾಣುವುದಿಲ್ಲ ಅಂತ ಆಮೇಲೆ ಹೊಳೆಯಿತು. ಅವರ ಬೆರಳು ಹಿಡಿದು ಪರದೆಯ ಮೇಲಿಟ್ಟೆ. "ಇಲ್ಲೊಂದು. ಇಲ್ಲೊಂದು."

ತುಂಬ ಹೊತ್ತು ಬೆರಳು ಅಲ್ಲೇ ಇತ್ತು.

"ನನಗೆ ಹೇಳಬೇಕಿತ್ತು," ಅಂದರು. "ನಾನು ಬೇಡ ಅಂತಿದ್ದೆ. ಆದ್ರೂ ಹೇಳಬೇಕಿತ್ತು."

ಎದ್ದು ಹೊರಟಾಗ ಅಭ್ಯಾಸದಂತೆ ಕೈಗೆ ಪೊಟ್ಟಣ. ಬೇಯಿಸಿದ ಗೆಡ್ಡೆ, ಮೂರು ಆಳಿಗಾಗುವಷ್ಟು. ತಗೊಂಡೆ.

ಭಾನುವಾರ, ಜೂನ್ 1

ನಿನ್ನೆ ಅತ್ತೆಯ ಅರವತ್ತರ ಹಬ್ಬ. ಚರ್ಚಿನ ಹಾಲ್, ಉದ್ದದ ಮೇಜು, ಹನ್ನೆರಡು ಸುಟ್ಟ ಹಂದಿಮರಿ, ಎಂಟು ಭಾಷಣ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಇದ್ದುಬಿಡೋಣ ಅಂತ ನನ್ನ ಲೆಕ್ಕ. ಇಂಥ ಕಡೆ ಯಾವಾಗಲೂ ನನ್ನ ಜಾಗ ಅದೇ.

"ತಮ್ಮನ ಮಗಳೆಲ್ಲಿ?" ಅತ್ತೆ ಮೈಕಿನಲ್ಲೇ ಕೂಗಿದರು. ಕೈ ಒರೆಸಿಕೊಂಡು ಹೋದೆ. ಪಕ್ಕದಲ್ಲಿ ಕೂರಿಸಿದರು. ಮುನ್ನೂರು ಜನ.

ಹಂದಿಯ ಬೆನ್ನಿನ ಗರಿಗರಿ ಭಾಗ, ಅವರಿಗೇ ಮೀಸಲಾದದ್ದು, ಮುರಿದು ಕೊಟ್ಟರು. ಹೆಬ್ಬೆರಳಿನಷ್ಟು ಬಾಯಿಗಿಟ್ಟೆ. ಇಪ್ಪತ್ತೈದು ಸಲ ಅಗಿದೆ. ಇನ್ನೊಂದು ಚೂರು. ಮೂಗಿನಲ್ಲಿ ನೀರು ಇಳಿಯಿತು — ನನ್ನ ಹೊಸ ಹೊಟ್ಟೆ ತುಂಬಿತು ಅಂತ ಹೇಳುವುದು ಹೀಗೆ. ಅಷ್ಟರಲ್ಲಿ ಅತ್ತೆಯ ಕೈ ಮತ್ತೆ ಮುಂದೆ ಬಂತು, ಅಂಗೈಯಗಲದ ತುಂಡು ಹಿಡಿದು.

"ಸಾಕು, ಅತ್ತೆ."

ಮೇಜಿನ ಆ ತುದಿಯವರೆಗೆ ತಲೆಗಳು ಇತ್ತ ತಿರುಗಿದವು. ಅಪ್ಪ ತಟ್ಟೆಯೊಳಗೆ ನೋಡುತ್ತಿದ್ದ. ಅಮ್ಮ ಸೌಟು ಹಿಡಿದು ನಿಂತಲ್ಲೇ ನಿಂತಳು.

"ಏನಂದೆ?"

"ಸಾಕು ಅಂದೆ. ತುಂಬ ಚೆನ್ನಾಗಿತ್ತು. ಹೊಟ್ಟೆ ತುಂಬ್ತು."

"ಇಷ್ಟಕ್ಕೇನಾ? ನಮ್ಮನೆ ಬೆಕ್ಕು ಇದಕ್ಕಿಂತ ಹೆಚ್ಚು ತಿಂದು ಮತ್ತೆ ನನ್ನ ಮುಖ ನೋಡುತ್ತೆ."

"ಬೆಕ್ಕಿಗೆ ಪೂರ್ತಿ ಹೊಟ್ಟೆ ಇದೆ ಅತ್ತೆ."

ಎಲ್ಲಿಂದ ಬಂತೋ ಆ ಮಾತು. ಯಾರೋ ಫಕ್ಕನೆ ನಕ್ಕರು. ಆಮೇಲೆ ಇಡೀ ಮೇಜು. ಹೀಗೆ, ನಗುತ್ತಲೇ, ಮುನ್ನೂರು ಜನಕ್ಕೂ ವಿಷಯ ಗೊತ್ತಾಯಿತು. ಅತ್ತೆ ನಗಲಿಲ್ಲ. ಫಾಯಿಲ್ ತರಿಸಿದರು. ಆ ತುಂಡನ್ನು ಸುತ್ತಿ ನನ್ನ ಮಡಿಲಲ್ಲಿಟ್ಟರು. "ಹಂದಿ ಸತ್ತಿದೆ. ಎಲ್ಲಿಗೂ ಓಡಿ ಹೋಗಲ್ಲ. ನಾಳೆ ತಿನ್ನು. ನಾಡಿದ್ದು ತಿನ್ನು."

ಬೇಡ ಅಂದದ್ದೂ ಆಯಿತು, ತಗೊಂಡದ್ದೂ ಆಯಿತು. ಎರಡೂ ಒಟ್ಟಿಗೆ ಆಗಬಹುದು ಅಂತ ಇಷ್ಟು ದಿನ ಯಾರಿಗೂ ತೋಚಿರಲಿಲ್ಲ, ನನಗೂ.

ಸೋಮವಾರ, ಜೂನ್ 9. ರಾತ್ರಿ ಊಟಕ್ಕೆ ಮೊದಲು

ಕೂದಲು ಉದುರಲು ಶುರು. ಬಾಚಣಿಗೆಯಲ್ಲಿ ಗೂಡು ಕಟ್ಟುವಷ್ಟು. ಮೂರನೇ ತಿಂಗಳಿಗೆ ಹೀಗೆ ಅಂತ ಮೊದಲೇ ಹೇಳಿದ್ದರು, ಮತ್ತೆ ಬರುತ್ತದಂತೆ. ಆದರೂ ಬೆಳಿಗ್ಗೆ ಹತ್ತು ನಿಮಿಷ ಸಿಂಕಿನ ಮುಂದೆ ನಿಂತಿದ್ದೆ. ಚಳಿ ಹೆಚ್ಚಾಗಿ ಹತ್ತುತ್ತದೆ. ತೂಕ ನೂರಾ ಹದಿನಾಲ್ಕು. ಲೈಬ್ರರಿಯ ಮೆಟ್ಟಿಲು ಹತ್ತಿ ನಿಲ್ಲದೆ "ಗುಡ್ ಮಾರ್ನಿಂಗ್" ಅನ್ನಬಲ್ಲೆ.

ಮಧ್ಯಾಹ್ನ ಕೌಂಟರಿನ ಮುಂದೆ ಅತ್ತೆ. ಲೈಬ್ರರಿಗೆ ಅವರು ಬಂದದ್ದು ಇದೇ ಮೊದಲು. ದೊಡ್ಡ ಅಕ್ಷರದ ಪುಸ್ತಕ ಇದೆಯಾ ಅಂದರು. ತೋರಿಸಿದೆ. ಒಂದನ್ನು ತಲೆಕೆಳಗಾಗಿ ಹಿಡಿದುಕೊಂಡರು.

"ಆ ಆಪರೇಷನ್ನು... ಯಾರೋ ಕೇಳ್ತಿದ್ರು. ಅರವತ್ತಾದವರಿಗೂ ಮಾಡ್ತಾರಂತಾ?"

"ಪರೀಕ್ಷೆ ಮಾಡಿ ಹೇಳ್ತಾರೆ. ಕೆಲವರಿಗೆ ಆಗುತ್ತೆ, ಕೆಲವರಿಗೆ ಬೇಡ ಅಂತಾರೆ. ಮೊದಲು ಒಂದು ಸಭೆ ಇರುತ್ತೆ, ಯಾರು ಬೇಕಾದ್ರೂ ಹೋಗಿ ಕೂತು ಕೇಳ್ಬಹುದು. ಈ ಗುರುವಾರ ಇದೆ."

"ನೋವಾಗುತ್ತಾ ಅಂತಾನೂ ಕೇಳಿದ್ರು, ಅವರು."

"ಎರಡು ದಿನ ಭುಜ ನೋಯುತ್ತೆ. ಎರಡು ವಾರ ಬೇಜಾರು. ಒಂದು ತಿಂಗಳು ಹಬ್ಬ ಕಂಡ್ರೆ ಅಳು. ಕೂದಲು ಉದುರುತ್ತೆ. ಅಷ್ಟೆಲ್ಲ ಆದ್ಮೇಲೂ ಮಾಡಿಸ್ಕೊಂಡಿದ್ದು ಸರಿ ಅನ್ಸುತ್ತೆ. ನನಗೆ ಅನ್ಸಿದೆ."

"ಹೂಂ. ಹೇಳ್ತೀನಿ ಅವರಿಗೆ." ಪುಸ್ತಕ ತಗೊಂಡು ಹೊರಟರು. ಬಾಗಿಲ ಬಳಿ ತಿರುಗಿ, "ಸಭೆಗೆ ಒಬ್ಬರೇ ಹೋಗಬೇಕಾ?"

"ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಹೋಗ್ಬಹುದು."

ತಲೆಯಾಡಿಸಿ ಹೋದರು.

ಯಾರು ಅಂತ ನಾನು ಕೇಳಲಿಲ್ಲ. ಕೇಳುವುದೂ ಇಲ್ಲ. ಗುರುವಾರ ಅರ್ಧ ದಿನ ರಜೆ ಬರೆದುಕೊಟ್ಟು ಬಂದಿದ್ದೇನೆ. ಸಭೆ ಐದೂವರೆಗೆ. ನಾಲ್ಕೂಮುಕ್ಕಾಲಿಗೆ ಅವರ ಮನೆ ಮುಂದೆ ಕಾರು ನಿಲ್ಲಿಸುವುದು. ಹಾರ್ನ್ ಮಾಡುವುದಲ್ಲ, ಇಳಿದು ಹೋಗಿ ಬಾಗಿಲು ತಟ್ಟುವುದು. ಆ ಯಾರೋ ಬರದಿದ್ದರೆ ಪರವಾಗಿಲ್ಲ ಅತ್ತೆ, ಅವರ ಪರವಾಗಿ ನಾವಿಬ್ಬರೂ ಹೋಗಿ ಕೇಳಿಕೊಂಡು ಬರೋಣ, ಅಂತ ಹೇಳುವುದು.