ಬಿಯರ್ ಎತ್ತಿ ಹೇಳಿದ ಹೆಸರು

ಲಾಂಚ್ಖುತಿ, ಜಾರ್ಜಿಯಾ
ಮಾರ್ಚ್ ೪, ಮಂಗಳವಾರ ಬೆಳಿಗ್ಗೆ

ನನ್ನ ಮುದ್ದು ರಮಾಜ್‌ಗೆ ಎತೆರಿ ಅಜ್ಜಿಯ ಮುತ್ತುಗಳು.

ಭುಜ ಹೇಗಿದೆ ಮಗಾ? ರೊಮೇನಿಯಾದವರ ಜೊತೆ ರಗ್ಬಿ ಆಡಿದ ದಿನ ಎಡಗೈಯಲ್ಲಿ ನೀರು ಕುಡಿಯುತ್ತಿದ್ದೆ, ಟೀವಿಯಲ್ಲಿ ಕಂಡೆ. ಕಿವಿಗೆ ಮತ್ತೆ ಪೆಟ್ಟು ಬಿತ್ತೇ? ನಾನು ಎತ್ತಿಕೊಂಡು ತಿರುಗುವಾಗ ಹೂವಿನ ಎಸಳಿನಂತಿದ್ದ ಕಿವಿಗಳು ಈಗ ಒಣ ಅಣಬೆಯ ಹಾಗಾಗಿವೆ. ಮಲಗುವಾಗ ಎಣ್ಣೆ ಹಚ್ಚಿಕೋ. ಫ್ರಾನ್ಸಿನಲ್ಲೂ ಮೆಕ್ಕೆಜೋಳದ ಹಿಟ್ಟು ಸಿಗುತ್ತದೆ ಎಂದು ಅಲ್ಲಿಗೆ ಹೊರಟಿರುವ ನಮ್ಮೂರ ಇರ್ಮಾ ಹೇಳಿದಳು. ಹಿಟ್ಟು ಸಿಕ್ಕರೆ ಸಾಕೇ, ರೊಟ್ಟಿ ತಟ್ಟಿಕೊಡುವವರು ಯಾರು? ನನ್ನ ಮಂಡಿ ಹೇಗಿತ್ತೋ ಹಾಗೇ ಇದೆ.

ಅಜ್ಜನೂ ಚೆನ್ನಾಗಿದ್ದಾರೆ. ಉಣ್ಣುತ್ತಾರೆ, ದ್ರಾಕ್ಷಿ ಬಳ್ಳಿ ಸವರುತ್ತಾರೆ. ಜನವರಿಯಿಂದ ನಿನ್ನ ಹೆಸರು ಮಾತ್ರ ಬಾಯಲ್ಲಿ ಬಂದಿಲ್ಲ. ಅಲ್ಲ ಮಗಾ, ನಿನ್ನ ಕ್ಲಬ್ಬು ಗೆದ್ದ ಖುಷಿಯಲ್ಲಿ ಫೋನಿನ ಮುಂದೆ ನಿಂತು “ನಂಗೆ ತಳ್ಳೋದು ಕಲ್ಸಿದ ಗೆರೊಂಟಿ ಅಜ್ಜನಿಗೆ!” ಅಂತ ಗ್ಲಾಸು ಎತ್ತಿದೆಯಲ್ಲ, ಅದರಲ್ಲಿದ್ದದ್ದು ಏನು? ಬಿಯರ್! ನಮ್ಮಲ್ಲಿ ವೈನ್ ಎತ್ತಿ ಹೇಳುವುದು ಬೇಕಾದವರ ಹೆಸರು, ಬಿಯರ್ ಎತ್ತಿ ಹೇಳುವುದು ಹಗೆಗಳ ಹೆಸರು. ಹದಿನೇಳಕ್ಕೇ ಊರು ಬಿಟ್ಟವನು, ಮರೆತಿದ್ದೀಯ. ಅಲ್ಲಿಯ ಹುಡುಗರು ಕೈಗೆ ಕೊಟ್ಟದ್ದನ್ನು ಎತ್ತಿದ್ದೀಯ. ನನಗೆ ಅರ್ಥವಾಗುತ್ತದೆ. ಆದರೆ ನಲವತ್ತು ವರ್ಷ ಊರಿನ ಮದುವೆ ಸಾವುಗಳ ಊಟದ ಮೇಜಿಗೆಲ್ಲ ಹಿರಿಯನಾಗಿ ಕೂತು, ಯಾರ ಹೆಸರಿಗೆ ಯಾವಾಗ ಕುಡಿಯಬೇಕೆಂದು ಊರಿಗೇ ಹೇಳಿಕೊಟ್ಟವರಿಗೆ ತಿಳಿಸುವುದು ಹೇಗೆ? ಆ ವಿಡಿಯೊ ನೋಡದವರು ಊರಲ್ಲಿ ಯಾರೂ ಉಳಿದಿಲ್ಲ. ನೀನು ತಪ್ಪೊಪ್ಪಿಕೊಳ್ಳಲು ಫೋನ್ ಮಾಡಿದಾಗಲೆಲ್ಲ ಅವರು ಕತ್ತರಿ ಹಿಡಿದು ತೋಟಕ್ಕೆ ಹೊರಟುಬಿಡುತ್ತಾರೆ. ಅದಕ್ಕೇ ಅಲ್ಲವೇ ಫೆಬ್ರವರಿಯಲ್ಲಿ ತಂಡದ ಜೊತೆ ತಿಬಿಲಿಸಿಯವರೆಗೆ ಬಂದರೂ ಮನೆಗೆ ಬಾರದೆ ಹೋದದ್ದು? ನಾನು ಹಾಸಿಗೆ ಬಿಸಿಲಿಗೆ ಹಾಕಿ, ಹೊಸ ಹೊದಿಕೆ ಹಾಸಿ, ಗೇಟಿನ ಸದ್ದಾದರೆ ಸಾಕು, ಎದ್ದು ಹೋಗುತ್ತಿದ್ದೆ. ಹೊದಿಕೆಯನ್ನು ಇನ್ನೂ ಮಡಚಿಲ್ಲ.

ಶನಿವಾರ ಪಂದ್ಯ ನೋಡಲು ಪಕ್ಕದ ಮನೆಯ ವಾಲಿಕೊ ಚೀಸು ಹಿಡಿದು ಬಂದಿದ್ದ. “ಪ್ರತಿ ವರ್ಷ ನಾವೇ ಗೆಲ್ಲೋದು, ಆದ್ರೂ ಆ ದೊಡ್ಡ ಆರು ದೇಶದವ್ರು ತಮ್ಮ ಟೂರ್ನಿಗೆ ನಮ್ಗೆ ಬಾಗ್ಲೇ ತೆಗೆಯಲ್ಲ” ಎಂದು ಅವನ ಹಳೆಯ ಗೊಣಗಾಟ. ದೂರ ಇರುವ ಮಕ್ಕಳ ಹೆಸರಿಗೆ ವೈನ್ ಕುಡಿಯುವ ಸರದಿ ಬಂತು. ಅಜ್ಜ ಇಟಲಿಯಲ್ಲಿರುವ ನಿನ್ನ ಅಮ್ಮನ ಹೆಸರು ಹೇಳಿದರು, ಪೋಲೆಂಡಿನಲ್ಲಿರುವ ವಾಲಿಕೊನ ಮಗನ ಹೆಸರು ಹೇಳಿದರು, ಗ್ಲಾಸು ಕೆಳಗಿಟ್ಟರು. ಟೀವಿಯಲ್ಲಿ ನೀನು ಕಣ್ಣು ಮುಚ್ಚಿ ರಾಷ್ಟ್ರಗೀತೆ ಹಾಡುತ್ತಿದ್ದೆ. “ಒಂದು ಗ್ಲಾಸು ಬಿಯರಿಗೆ ಮೊಮ್ಮಗನ್ನೇ ಬಿಟ್ಕೊಟ್ಯೇನೋ ಮುದುಕಾ?” ಎಂದ ವಾಲಿಕೊ. ಅಜ್ಜ ಟೀವಿಯ ಸದ್ದು ಜೋರು ಮಾಡಿದರು.

ಆಮೇಲೆ ನೀವು ಎಂಟು ಜನ ತಲೆ ಬಗ್ಗಿಸಿ, ತೋಳಿಗೆ ತೋಳು ಹೆಣೆದು ರೊಮೇನಿಯಾದವರನ್ನು ತಳ್ಳುವುದಕ್ಕೆ ಇಳಿದಿರಲ್ಲ, ಆಗ ಇವರೂ ಕೂತಲ್ಲೇ ಭುಜ ಕೊಟ್ಟು ಮೇಜನ್ನು ತಳ್ಳತೊಡಗಿದರು. ಉಪ್ಪಿನಕಾಯಿ ಭರಣಿ ಉರುಳಿತು. “ನಿಲ್ಸೋ ಗೆರೊಂಟಿ, ರೊಮೇನಿಯಾದವ್ರು ಅಲ್ಲಿದಾರೆ, ಇಲ್ಲಿರೋದು ನನ್ನ ಹೊಟ್ಟೆ!” ಎಂದು ವಾಲಿಕೊ ಗೋಡೆಗಂಟಿ ಕೂಗಿಕೊಂಡ. ಅಜ್ಜ ಏದುಸಿರು ಬಿಡುತ್ತಾ ಟೀವಿ ನೋಡಿ, “ಬೆನ್ನು ಬಗ್ಗಿಸ್ತಿದಾನೆ ಅವನು. ನಾನು ಹಾಗೆ ಹೇಳ್ಕೊಟ್ಟಿರಲಿಲ್ಲ” ಅಂದರು. ಹೆಸರಲ್ಲ, ಬರೀ ‘ಅವನು’. ನಾನು ಅಡುಗೆಮನೆಗೆ ಹೋಗಿ ಅತ್ತೆ.

ತಿಬಿಲಿಸಿಯಲ್ಲಿ ಪೋರ್ಚುಗಲ್ ಜೊತೆ ಫೈನಲ್ ಆದ ಮರುದಿನವೇ ಫ್ರಾನ್ಸಿಗೆ ಮರಳುತ್ತೇನೆ ಎಂದಿದ್ದೀಯ. ಕ್ಲಬ್ಬಿನವರನ್ನು ಎರಡು ದಿನ ಕೇಳಿ ನೋಡು. ಅವರು ಬೈದರೂ ಅಜ್ಜಿಗಾಗಿ ಕೇಳು. ಏನು ಮಾತಾಡಬೇಕೆಂದು ಯೋಚಿಸಬೇಡ. ಬಾಗಿಲಲ್ಲಿ ಬಂದು ನಿಲ್ಲು, ಸಾಕು.

ನಿನ್ನ ನೋವೆಲ್ಲ ನನಗಿರಲಿ, ನನ್ನ ಆಯಸ್ಸು ನಿನಗಿರಲಿ.

ನಿನ್ನ ಅಜ್ಜಿ,
ಎತೆರಿ

ಇನ್ನೊಂದು ಮಾತು: ಈ ಕಾಗದ ತರುವ ಇರ್ಮಾ ವಿಮಾನಕ್ಕೆ ಹೊತ್ತಾಯಿತೆಂದು ಗೇಟಿನಲ್ಲಿ ಹಾರ್ನ್ ಹೊಡೆಸುತ್ತಿದ್ದಾಳೆ. ಅಜ್ಜ ಈಗಷ್ಟೇ ಸ್ಟೇಷನ್ನಿನಿಂದ ಬಂದರು. ಫೈನಲ್ಲಿಗೆ ಹೋಗುವ ರೈಲಿಗೆ ಎರಡು ಟಿಕೆಟ್ ತಂದಿದ್ದಾರೆ, ಬರುವ ರೈಲಿಗೆ ಮೂರು. ಟೋಪಿ ತೆಗೆಯದೆ ನಿಂತು, “ರಮಾಜ್‌ಗೆ ಕಿಟಕಿ ಪಕ್ಕ ಬೇಡ, ಅವನ ಭುಜ ಅಲ್ಲಿ ಹಿಡಿಸಲ್ಲ” ಅಂದರು.