ಒಂಬತ್ತನೇ ನಂಬರ್

ಬ್ಯಾಟರಾಯ,

ಇವತ್ತು ಬೆಳಿಗ್ಗೆ ಮಲ್ಪೆ ಸಮುದ್ರದಲ್ಲಿ ನಾನು ಮುಳುಗಿಹೋದೆ ಕಣೋ. ಹೆಣ ಹುಡುಕ್ತಾ ಇದಾರೆ.

ಸುಳ್ಳು. ಹೆಣ ದಡದ ಮೇಲೆ ಕೂತ್ಕೊಂಡು ಬನ್ಸ್ ತಿಂತಾ ಇದೆ.

ನಮ್ಮ ಯಲಹಂಕದ ಈಜು ಗುಂಪು ಈ ವರ್ಷವೂ ಬಂದಿದೆ. ಪದ್ಧತಿ ಅದೇ. ನೀರಿಗೆ ಇಳಿಯೋ ಮುಂಚೆ ಒಂದ್ಸಲ, ಮೇಲೆ ಬಂದ್ಮೇಲೆ ಒಂದ್ಸಲ, ಎಲ್ರೂ ಅವರವರ ನಂಬರ್ ಕೂಗ್ಬೇಕು. ಈಗ ಗುಂಪು ನೋಡ್ಕೊಳ್ಳೋ ನಯನಾ ನಿನ್ನ ಒಂಬತ್ತನ್ನ ನಿರಂಜನ ಅನ್ನೋ ಹೊಸಬನಿಗೆ ಕೊಟ್ಟಿದಾಳೆ. ಅವನು "ಒಂಬತ್ತು!" ಅಂದ ಕೂಡ್ಲೇ ನನಗೆ ಮೈಯೆಲ್ಲ ಉರೀತು.

"ಅದು ಬ್ಯಾಟರಾಯಪ್ಪನ ನಂಬರ್! ನೀನು ಬೇರೆ ತಗೊಳ್ಳೋ!" ಅಂದೆ.

"ಅವ್ರು ತೀರ್ಕೊಂಡು ವರ್ಷ ಆಯ್ತಲ್ಲ ತಾತ. ಜೋಕ್ ಸಾಕು," ಅಂದ್ಲು ನಯನಾ. ಎಲ್ರೂ ನಕ್ಕರು.

ನಿಜವಾದ ಕೋಪ ನಿನ್ನ ಮೇಲೆ. ಮೂರು ವರ್ಷದ ಹಿಂದೆ, ನೀನಿನ್ನೂ ನೀರಲ್ಲಿ ಇದ್ದಾಗ್ಲೇ ಯಾರೋ ನಿನ್ನ ನಂಬರ್ ಕೂಗಿದ್ರು. ಎಲ್ರೂ ಬಂದ್ರು ಅಂದ್ಕೊಂಡು ನಾವು ತಿಂಡಿಗೆ ಹೋದ್ವಿ. ಸೆಳೆತಕ್ಕೆ ಸಿಕ್ಕಿದ್ದ ನಿನ್ನನ್ನ ಮೀನುಗಾರರು ದೋಣಿಗೆ ಎಳ್ಕೊಂಡ್ರು. ನೀನು, ಕೂಗಿದ್ದು ನಮ್ಮ ಜೊತೆ ಈಜೋ ಗೋಪೀನೇ ಅಂತ ಅನುಮಾನಪಟ್ಟು ಬಾಯಿಗೆ ಬಂದಂಗೆ ಬೈದೆ. ಬೆನ್ನ ಮೇಲೆ ಈಜೋನು ನಮಗೇ ಬೆನ್ನು ತೋರ್ಸಿ ಹೋದೆ, ಮತ್ತೆ ಗುಂಪಿಗೆ ಬರ್ಲೇ ಇಲ್ಲ. ಗೋಪಿ ಅತ್ತ. ಪಕ್ಕದಲ್ಲೇ ನಿಂತಿದ್ದ ನನ್ನನ್ನ ಒಂದ್ಸಲನೂ ಕೇಳ್ಲಿಲ್ಲ ನೀನು! ನಲವತ್ತು ವರ್ಷದ ಸ್ನೇಹ, ಇಷ್ಟೂ ಗೊತ್ತಾಗ್ಲಿಲ್ವೇನೋ ದಡ್ಡ?

ಗೋಪಿ ಅಲ್ಲ ಕಣೋ. ಅವತ್ತು ತಮಾಷೆಗೆ ಅಂತ ನಿನ್ನ ದನೀಲಿ "ಒಂಬತ್ತು" ಅಂತ ಕೂಗಿದ್ದು ನಾನು.